ಲೀಗ್ ವೇಳಾಪಟ್ಟಿ: ಚೀಟಿ ಎತ್ತಿದರೆ ಸಾಕೇ?

ಪ್ರಶ್ನೆ: ನಮ್ಮದು 12 ಕ್ಲಬ್‌ಗಳ ವೃತ್ತಿಪರ ಫುಟ್‌ಬಾಲ್ ಲೀಗ್. ಪ್ರತಿ ಕ್ಲಬ್ಬೂ ಉಳಿದ ಎಲ್ಲರೊಡನೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡಬೇಕು. ಕಳೆದ ಋತುವಿನಲ್ಲಿ ಚೀಟಿ ಎತ್ತಿ ಕ್ಲಬ್‌ಗಳಿಗೆ ಸಂಖ್ಯೆ ಕೊಟ್ಟು, ಸಿದ್ಧ ಕೋಷ್ಟಕದಲ್ಲಿ ಹೆಸರು ತುಂಬಿದೆವು. ಆದರೂ ಒಂದು ಕ್ಲಬ್‌ಗೆ ಸತತ ಮೂರು ಪಂದ್ಯ ಹೊರಗೇ ಬಂದವು. ಇನ್ನೊಂದು ಕ್ಲಬ್, ‘ನಮ್ಮ ಎದುರಾಳಿಗಳಿಗೆ ಯಾವಾಗಲೂ ನಮಗಿಂತ ಹೆಚ್ಚು ವಿಶ್ರಾಂತಿ’ ಎಂದು ದೂರಿತು. ಚೀಟಿ ಎತ್ತುವುದು ನ್ಯಾಯವಲ್ಲವೇ? ಇದಕ್ಕೆ ಸಾಫ್ಟ್‌ವೇರ್ ಬೇಕೇ ಬೇಕೇ?

ಉತ್ತರ: ಚೀಟಿ ಎತ್ತಿದ್ದರಲ್ಲಿ ತಪ್ಪಿಲ್ಲ. ಯಾವ ಕ್ಲಬ್‌ಗೆ ಯಾವ ಸಂಖ್ಯೆ ಎಂಬುದರಲ್ಲಿ ಯಾರ ಕೈವಾಡವೂ ಇಲ್ಲ ಎಂದು ಅದು ಖಾತ್ರಿ ಮಾಡುತ್ತದೆ, ಅಷ್ಟೇ. ಕೋಷ್ಟಕದಲ್ಲೇ ಒಂದು ಸಂಖ್ಯೆಗೆ ಮೂರು ಹೊರಪಂದ್ಯ ಸಾಲಾಗಿ ಕೂತಿದ್ದರೆ, ಆ ಪೆಟ್ಟು ಯಾರಿಗೆ ಬೀಳಬೇಕೆಂದು ಚೀಟಿ ನಿರ್ಧರಿಸುತ್ತದೆ, ಪೆಟ್ಟು ತಪ್ಪುವುದಿಲ್ಲ. ಹಾಗಾಗಿ ಮೊದಲು ಕೋಷ್ಟಕ ಸರಿಯಾಗಬೇಕು, ಚೀಟಿ ಆಮೇಲೆ. ಕೋಷ್ಟಕವನ್ನು ಅಳೆಯುವಾಗಲೂ ಸರಾಸರಿ ನೋಡಬೇಡಿ. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದ ಕ್ಲಬ್ ಯಾವುದು, ಅದಕ್ಕೆ ಬಿದ್ದದ್ದೆಷ್ಟು ಎಂದು ನೋಡಿ. ಹನ್ನೊಂದು ಕ್ಲಬ್‌ಗಳಿಗೆ ಸುಖವಾಗಿದ್ದು ಒಂದಕ್ಕೆ ಮಾತ್ರ ಎಲ್ಲ ಕಷ್ಟ ಬಂದಿದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ.

ಲೆಕ್ಕ ಸರಳ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿ ಮುಗಿಸುವ ಅರ್ಧ ಋತುವಿಗೆ ಲೆಗ್ ಎನ್ನೋಣ. 12 ತಂಡಗಳಿಗೆ ಒಂದು ಲೆಗ್‌ನಲ್ಲಿ 11 ಸುತ್ತು, 66 ಪಂದ್ಯ. ಎರಡು ಲೆಗ್‌ಗೆ 22 ಸುತ್ತು, 132 ಪಂದ್ಯ. ಪ್ರತಿ ಸುತ್ತಿನಲ್ಲಿ ಆರು ಪಂದ್ಯ, ಅಂದರೆ ಆರು ಕ್ಲಬ್ ತವರಿನಲ್ಲಿ, ಆರು ಹೊರಗೆ. ಈ ‘ಆರು–ಆರು’ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಿದ್ಧ ಕೋಷ್ಟಕದಲ್ಲಿ ಅಡಗಿರುವ ತೊಂದರೆ

ನೀವು ಬಳಸಿದ್ದು ಬಹುಶಃ ವೃತ್ತ ವಿಧಾನದ ಕೋಷ್ಟಕ. ಚೆಸ್ ಆಡುವವರಿಗೆ ಇದು ಬರ್ಗರ್ ಕೋಷ್ಟಕವೆಂದೇ ಪರಿಚಯ. ಒಂದು ತಂಡವನ್ನು ಕದಲಿಸದೆ ಇಟ್ಟು ಉಳಿದವರನ್ನು ಸುತ್ತಿಗೊಮ್ಮೆ ಒಂದೊಂದು ಸ್ಥಾನ ತಿರುಗಿಸುವುದು ಇದರ ಸೂತ್ರ. ಆರು ತಂಡಗಳಿಗೆ ಮಾಡಿದರೆ ಹೀಗೆ ಬರುತ್ತದೆ (ಮೊದಲು ಬರೆದದ್ದು ತವರಿನ ತಂಡ):

1ನೇ ಸುತ್ತು: ಕ–ಜ, ಖ–ಚ, ಘ–ಗ
2ನೇ ಸುತ್ತು: ಜ–ಖ, ಗ–ಕ, ಚ–ಘ
3ನೇ ಸುತ್ತು: ಗ–ಜ, ಘ–ಖ, ಕ–ಚ
4ನೇ ಸುತ್ತು: ಜ–ಘ, ಚ–ಗ, ಖ–ಕ
5ನೇ ಸುತ್ತು: ಚ–ಜ, ಕ–ಘ, ಗ–ಖ

ಮೇಲ್ನೋಟಕ್ಕೆ ಇದರಲ್ಲಿ ಕುಂದಿಲ್ಲ. ಕ ಮತ್ತು ಜ ತಂಡಗಳಿಗೆ ತವರು, ಹೊರಗೆ ಎಂದು ಒಂದು ಬಿಟ್ಟು ಒಂದು ಬರುತ್ತದೆ. ಉಳಿದ ನಾಲ್ಕು ತಂಡಗಳಿಗೆ ತಲಾ ಒಂದು ಕಡೆ ಮಾತ್ರ ಈ ಸರದಿ ತಪ್ಪಿ, ಎರಡು ತವರು ಪಂದ್ಯವೋ ಎರಡು ಹೊರಪಂದ್ಯವೋ ಜೊತೆಯಾಗುತ್ತವೆ. ಹೀಗೆ ಸರದಿ ತಪ್ಪುವುದನ್ನು ವೇಳಾಪಟ್ಟಿ ಮಾಡುವವರು ಬ್ರೇಕ್ ಎನ್ನುತ್ತಾರೆ. ಇದನ್ನು ಸೊನ್ನೆಗೆ ಇಳಿಸಲಾಗದು. ಕಾರಣ ಸುಲಭ: ಎರಡು ತಂಡಗಳ ತವರು–ಹೊರಗೆ ಸರದಿ ತದ್ವತ್ ಒಂದೇ ಆಗಿದ್ದರೆ ಅವು ಪರಸ್ಪರ ಆಡುವುದೇ ಸಾಧ್ಯವಿಲ್ಲ, ಏಕೆಂದರೆ ಒಂದು ತವರಿನಲ್ಲಿದ್ದಾಗ ಇನ್ನೊಂದೂ ತವರಿನಲ್ಲೇ ಇರುತ್ತದೆ. ಬ್ರೇಕ್ ಇಲ್ಲದ ಸರದಿಗಳೋ ಎರಡೇ: ತವರಿನಿಂದ ಶುರುವಾಗುವುದು, ಹೊರಗಿನಿಂದ ಶುರುವಾಗುವುದು. ಆದ್ದರಿಂದ ಎರಡು ತಂಡಗಳನ್ನು ಬಿಟ್ಟು ಉಳಿದೆಲ್ಲರಿಗೂ ಒಂದಾದರೂ ಬ್ರೇಕ್ ಬರಲೇಬೇಕು. 12 ತಂಡಗಳಿದ್ದರೆ ಒಂದು ಲೆಗ್‌ಗೆ ಕನಿಷ್ಠ 10 ಬ್ರೇಕ್. 20 ತಂಡಗಳಿದ್ದರೆ 18. ‘ನಮಗೆ ಒಂದೂ ಬ್ರೇಕ್ ಬೇಡ’ ಎಂದು ಪಟ್ಟು ಹಿಡಿಯುವ ಕ್ಲಬ್‌ಗೆ ಈ ಲೆಕ್ಕ ತೋರಿಸಿದರೆ ವಾದ ಮುಗಿಯುತ್ತದೆ.

ಈಗ ಎರಡನೇ ಲೆಗ್. ಎಲ್ಲರೂ ಮಾಡುವುದು ಕನ್ನಡಿ ವಿಧಾನ: ಅದೇ ಕ್ರಮ, ಸ್ಥಳ ಮಾತ್ರ ಅದಲುಬದಲು. ಮೇಲಿನ ಕೋಷ್ಟಕದಲ್ಲಿ ಘ ತಂಡದ ಮೊದಲ ಲೆಗ್ ನೋಡಿ: ತವರು, ಹೊರಗೆ, ತವರು, ಹೊರಗೆ, ಹೊರಗೆ. ಇದನ್ನು ಅದಲುಬದಲು ಮಾಡಿ ಮುಂದಕ್ಕೆ ಜೋಡಿಸಿದರೆ 6ನೇ ಸುತ್ತು ಮತ್ತೆ ಹೊರಗೆ. ಅಲ್ಲಿಗೆ 4, 5, 6ನೇ ಸುತ್ತುಗಳು ಮೂರೂ ಹೊರಗೇ ಆದವು. ಚ ತಂಡಕ್ಕೆ ಇದರ ತಿರುವುಮುರುವು, ಸತತ ಮೂರು ತವರು. ನಿಮ್ಮ ಕ್ಲಬ್‌ಗೆ ಆದದ್ದೂ ಬಹುಮಟ್ಟಿಗೆ ಇದೇ ಇರಬೇಕು. ಲೆಗ್‌ನ ಕೊನೆಯ ಸುತ್ತಿನಲ್ಲಿ ಅಥವಾ ಎರಡನೇ ಸುತ್ತಿನಲ್ಲಿ ಬ್ರೇಕ್ ಇರುವ ಯಾವ ಸರದಿಯನ್ನು ಕನ್ನಡಿಗೆ ಹಿಡಿದರೂ ಎರಡು ಲೆಗ್ ಕೂಡುವ ಜಾಗದಲ್ಲಿ ಮೂರು ಪಂದ್ಯ ಒಂದೇ ಕಡೆ ಬೀಳುತ್ತವೆ.

ಇದನ್ನು ತಪ್ಪಿಸಲು ಹೊರಟರೆ ಇನ್ನೊಂದು ಕಡೆ ಬೆಲೆ ತೆರಬೇಕಾಗುತ್ತದೆ. ಅದೇ ಆರು ತಂಡಗಳ ಕೋಷ್ಟಕದಲ್ಲಿ ಲೆಕ್ಕ ಹಾಕಿ: ಕನ್ನಡಿ ವಿಧಾನಕ್ಕೆ ಒಟ್ಟು 12 ಬ್ರೇಕ್, ಜೊತೆಗೆ ಆ ಮೂರರ ಸಾಲು. ಎರಡನೇ ಲೆಗ್‌ನ ಮೊದಲ ಸುತ್ತನ್ನು ಎತ್ತಿ ಋತುವಿನ ಕೊನೆಗೆ ಇಟ್ಟರೆ ಮೂರರ ಸಾಲು ಮಾಯವಾಗುತ್ತದೆ. ಬ್ರೇಕ್ ಆಗಲೂ 12, ಆದರೆ ಈ ಸಲ ಕ ತಂಡ ಋತುವನ್ನು ಎರಡು ಹೊರಪಂದ್ಯಗಳಿಂದ ಮುಗಿಸುತ್ತದೆ, ಜ ತಂಡ ಎರಡು ತವರು ಪಂದ್ಯಗಳಿಂದ. ಎರಡನೇ ಲೆಗ್ಗನ್ನು ಹಿಂದುಮುಂದಾಗಿ, ಅಂದರೆ 5ನೇ ಸುತ್ತಿನಿಂದ 1ನೇ ಸುತ್ತಿನ ಕಡೆಗೆ, ಆಡಿಸಿದರೆ ಬ್ರೇಕ್ 8ಕ್ಕೆ ಇಳಿಯುತ್ತದೆ. ಆದರೆ 5 ಮತ್ತು 6ನೇ ಸುತ್ತಿನಲ್ಲಿ ಅದೇ ತಂಡಗಳು ಬೆನ್ನುಬೆನ್ನಿಗೆ ಎದುರಾಗುತ್ತವೆ. ಆ ಎರಡು ವಾರ ಮುಖ್ಯ ಆಟಗಾರ ಗಾಯಗೊಂಡಿದ್ದರೆ ಒಂದೇ ಎದುರಾಳಿಗೆ ಆರು ಅಂಕಗಳ ಲಾಭ.

ಹಾಗಾಗಿ ನನ್ನ ಸಲಹೆ ಇದು: ಎರಡನೇ ಲೆಗ್‌ನ ಸುತ್ತುಗಳಿಗೆ ಬೇರೆಯದೇ ಕ್ರಮ ಕೊಡಿ. ಮೊದಲ 11 ಸುತ್ತಿನಲ್ಲಿ ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿ ಮುಗಿಸಲಿ, ಇಲ್ಲದಿದ್ದರೆ ಅರ್ಧ ಋತುವಿನ ಅಂಕಪಟ್ಟಿಗೆ ಅರ್ಥವಿರುವುದಿಲ್ಲ. ನಂತರದ 11ರಲ್ಲಿ ಕ್ರಮ ಬದಲಾಗಲಿ, ಆದರೆ ಅದೇ ಜೋಡಿ ಮತ್ತೆ ಎದುರಾಗುವ ಮುನ್ನ ಕನಿಷ್ಠ 6 ಸುತ್ತು ಕಳೆದಿರಲಿ. ಇಟಲಿಯ ಅಗ್ರ ಲೀಗ್ ಸೀರಿ ಎ 2021–22ರಿಂದ ಎರಡನೇ ಲೆಗ್‌ಗೆ ಬೇರೆ ಕ್ರಮವನ್ನೇ ಬಳಸುತ್ತಿದೆ. ಜರ್ಮನಿಯ ಬುಂಡೆಸ್‌ಲಿಗಾ ಕನ್ನಡಿ ವಿಧಾನವನ್ನೇ ಉಳಿಸಿಕೊಂಡಿದೆ. ಅದೂ ತಪ್ಪಲ್ಲ, ಮೊದಲ ಲೆಗ್‌ನ ಬ್ರೇಕ್‌ಗಳನ್ನು ಅಂಚಿನ ಸುತ್ತುಗಳಿಂದ ದೂರ ಇಟ್ಟರೆ ಆಯಿತು. 18–20 ತಂಡಗಳ ಲೀಗ್‌ನಲ್ಲಿ ಹಾಗೆ ದೂರ ಇಡಲು ಜಾಗ ಧಾರಾಳವಾಗಿದೆ. ತಂಡಗಳು ಕಡಿಮೆಯಾದಷ್ಟೂ ಇಕ್ಕಟ್ಟು.

ತವರು–ಹೊರಗೆ: ಬರೆದಿಡಬೇಕಾದ ನಿಯಮಗಳು

ಬ್ರೇಕ್‌ಗಳ ಒಟ್ಟು ಸಂಖ್ಯೆಗಿಂತ ಅವು ಎಲ್ಲಿ ಬೀಳುತ್ತವೆ ಎಂಬುದು ಮುಖ್ಯ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಾಲಿಸಿಕೊಂಡು ಬಂದಿರುವ ಕೆಲವು ಸೂತ್ರಗಳು ನಿಮಗೂ ಹೊಂದುತ್ತವೆ: ಯಾವುದೇ ಸತತ ಐದು ಪಂದ್ಯ ತೆಗೆದುಕೊಂಡರೂ ಮೂರು ತವರು, ಎರಡು ಹೊರಗೆ, ಅಥವಾ ಇದರ ತಿರುವುಮುರುವು, ಎರಡಕ್ಕಿಂತ ಹೆಚ್ಚು ಪಂದ್ಯ ಸಾಲಾಗಿ ಒಂದೇ ಕಡೆ ಇಲ್ಲ, ಋತುವನ್ನು ಎರಡು ತವರು ಪಂದ್ಯಗಳಿಂದಾಗಲಿ ಎರಡು ಹೊರಪಂದ್ಯಗಳಿಂದಾಗಲಿ ಶುರುಮಾಡುವಂತಿಲ್ಲ, ಮುಗಿಸುವಂತಿಲ್ಲ. ಇವಕ್ಕೆ ಇನ್ನೆರಡು ಸೇರಿಸಿ. ಮೊದಲ ಲೆಗ್‌ನಲ್ಲಿ ಪ್ರತಿ ಕ್ಲಬ್‌ಗೆ 5 ಅಥವಾ 6 ತವರು ಪಂದ್ಯ. ಋತುವಿನ ಯಾವುದೇ ಹಂತದಲ್ಲಿ ನಿಲ್ಲಿಸಿ ಎಣಿಸಿದರೂ ತವರಿಗೂ ಹೊರಗಿಗೂ ವ್ಯತ್ಯಾಸ ಎರಡನ್ನು ಮೀರಬಾರದು. ಎರಡನೆಯದು ಅಂಕಪಟ್ಟಿಯ ದೃಷ್ಟಿಯಿಂದ ದೊಡ್ಡದು: ಎಂಟು ಪಂದ್ಯಗಳಲ್ಲಿ ಆರನ್ನು ತವರಿನಲ್ಲಿ ಆಡಿದ ಕ್ಲಬ್ ಮೇಲೆ ಕಾಣಿಸುತ್ತದೆ, ಕೆಳಗಿದ್ದವನ ಕೋಚ್ ಕೆಲಸ ಕಳೆದುಕೊಳ್ಳುತ್ತಾನೆ.

ತಂಡಗಳ ಸಂಖ್ಯೆ ಬೆಸವಾಗಿದ್ದರೆ ಒಂದು ವಿಚಿತ್ರ ಅನುಕೂಲವಿದೆ. ಪ್ರತಿ ಸುತ್ತಿನಲ್ಲಿ ಒಬ್ಬರು ಬಿಡುವಿನಲ್ಲಿರುವುದರಿಂದ ಒಂದೂ ಬ್ರೇಕ್ ಇಲ್ಲದ ಲೆಗ್ ಸಾಧ್ಯ. ಆದರೂ 13ನೇ ಕ್ಲಬ್ ಸೇರಿಸುವ ಆಸೆಗೆ ಬೀಳಬೇಡಿ: ಕೊನೆಯ ಸುತ್ತಿನಲ್ಲಿ ಯಾರೋ ಒಬ್ಬರು ಮನೆಯಲ್ಲಿ ಕೂತು, ತಮ್ಮ ಸ್ಥಾನವನ್ನು ಬೇರೆಯವರು ನಿರ್ಧರಿಸುವುದನ್ನು ನೋಡಬೇಕಾಗುತ್ತದೆ.

ವಿಶ್ರಾಂತಿಯ ಲೆಕ್ಕ

ನಿಮ್ಮ ಎರಡನೇ ಕ್ಲಬ್‌ನ ದೂರನ್ನು ಹಗುರವಾಗಿ ಕಾಣಬೇಡಿ. ತವರು–ಹೊರಗೆ ಎಲ್ಲರ ಕಣ್ಣಿಗೆ ಬೀಳುತ್ತದೆ. ವಿಶ್ರಾಂತಿ ಯಾರ ಕಣ್ಣಿಗೂ ಬೀಳದೆ ಋತುವಿಡೀ ಕೂಡುತ್ತಾ ಹೋಗುತ್ತದೆ. ಆಟಗಾರರ ದೇಹದ ಮೇಲೆ ಪರಿಣಾಮ ಇರುವುದೂ ನಿಜ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾರಕ್ಕೆ ಎರಡು ಪಂದ್ಯ ಆಡಿದ ಆಟಗಾರರ ಗಾಯದ ಪ್ರಮಾಣ 1,000 ಗಂಟೆಗಳಿಗೆ 25.6 ಇತ್ತು, ವಾರಕ್ಕೊಂದು ಆಡಿದವರಲ್ಲಿ 4.1. ಗಮನಿಸಬೇಕಾದದ್ದೆಂದರೆ ಓಟದ ಅಂಕಿಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪಂದ್ಯ ನೋಡಿ ‘ಚೆನ್ನಾಗಿಯೇ ಓಡಿದರಲ್ಲ’ ಎನ್ನುವವರಿಗೆ ಇದೇ ಉತ್ತರ.

ಅಳೆಯುವ ಕ್ರಮ ಹೀಗಿರಲಿ. ಪ್ರತಿ ಪಂದ್ಯಕ್ಕೂ ಒಂದು ತಂಡದ ವಿಶ್ರಾಂತಿ ದಿನಗಳಿಂದ ಎದುರಾಳಿಯ ವಿಶ್ರಾಂತಿ ದಿನಗಳನ್ನು ಕಳೆಯಿರಿ. ದಿನಗಳನ್ನು 6ಕ್ಕೆ ಮಿತಿಗೊಳಿಸಿ. 6 ದಿನಕ್ಕೂ 9 ದಿನಕ್ಕೂ ಆಟದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮಿತಿ ಹಾಕದಿದ್ದರೆ ಅಂತರರಾಷ್ಟ್ರೀಯ ಬಿಡುವಿನ ವಾರಗಳು ಇಡೀ ಲೆಕ್ಕವನ್ನು ಕೆಡಿಸುತ್ತವೆ. ಬಂದ ವ್ಯತ್ಯಾಸಗಳನ್ನು ಋತುವಿಡೀ ಕೂಡಿಸಿ. ಎಲ್ಲ ಕ್ಲಬ್‌ಗಳ ಮೊತ್ತ ಸೇರಿಸಿದರೆ ಸೊನ್ನೆ ಬರಲೇಬೇಕು. ಬಾರದಿದ್ದರೆ ಎಲ್ಲೋ ದಿನಾಂಕ ತಪ್ಪಾಗಿ ಟೈಪಾಗಿದೆ. ಯಾವ ಕ್ಲಬ್‌ನ ಮೊತ್ತವೂ ಋಣ 3ಕ್ಕಿಂತ ಕೆಳಗೆ ಹೋಗದಿರಲಿ. ಎರಡು ದಿನ ಅಥವಾ ಹೆಚ್ಚು ಕೊರತೆ ಇರುವ ಪಂದ್ಯಗಳು ಯಾರಿಗೂ ಎರಡಕ್ಕಿಂತ ಹೆಚ್ಚು ಬೇಡ.

ಕೊರತೆ ಹುಟ್ಟುವುದು ಎಲ್ಲಿ? ಸುತ್ತು ಶುಕ್ರವಾರದಿಂದ ಭಾನುವಾರದವರೆಗೆ ಹರಡಿದ್ದು ಮುಂದಿನ ಸುತ್ತೂ ವಾರಾಂತ್ಯದಲ್ಲೇ ಇದ್ದರೆ ತೊಂದರೆ ಸಣ್ಣದು: ಭಾನುವಾರ ಆಡಿದವನಿಗೆ ಶನಿವಾರಕ್ಕೆ 6 ದಿನ, ಶುಕ್ರವಾರ ಆಡಿದವನಿಗೆ 8. ಆದರೆ ಮುಂದಿನ ಸುತ್ತು ಬುಧವಾರ ಇದ್ದರೆ ಅದೇ 3 ಮತ್ತು 5 ಆಗುತ್ತದೆ. ನಿಜವಾದ ಅನ್ಯಾಯ ನಡೆಯುವುದು ಈ ವಾರದ ನಡುವಿನ ಸುತ್ತುಗಳಲ್ಲಿ. ಆದ್ದರಿಂದ ಬುಧವಾರದ ಸುತ್ತಿನ ಹಿಂದಿನ ವಾರಾಂತ್ಯವನ್ನು ಶನಿ–ಭಾನುವಾರಕ್ಕೆ ಬಿಗಿಗೊಳಿಸಿ. ಬುಧವಾರ ಪರಸ್ಪರ ಎದುರಾಗುವ ಎರಡು ತಂಡಗಳ ವಿಶ್ರಾಂತಿಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಅಂತರ ಬೇಡ. ಒಂದು ಪಂದ್ಯದ ಕೊನೆಯ ಸೀಟಿಯಿಂದ ಮುಂದಿನ ಪಂದ್ಯದ ಕಿಕ್‌ಆಫ್‌ಗೆ 72 ಗಂಟೆ ಎಂಬುದನ್ನು ಯಾವ ಕಾರಣಕ್ಕೂ ಮುರಿಯಬೇಡಿ. ಖಂಡಮಟ್ಟದ ಟೂರ್ನಿ ಆಡುವ ಕ್ಲಬ್‌ಗಳಿದ್ದರೆ ಅವರ ದಿನವನ್ನೂ ಸೇರಿಸಿ. ಯುರೋಪಿನಲ್ಲಿ ಗುರುವಾರ ಯುರೋಪಾ ಲೀಗ್ ಆಡಿದ ಕ್ಲಬ್‌ನ ಲೀಗ್ ಪಂದ್ಯ ಭಾನುವಾರಕ್ಕೆ ಹೋಗುವುದು ಇದೇ ಕಾರಣಕ್ಕೆ.

ಟಿವಿ ಪ್ರಸಾರಕರು ಇಲ್ಲಿ ಬರುತ್ತಾರೆ. ಜನಪ್ರಿಯ ಕ್ಲಬ್‌ನ ಪಂದ್ಯವನ್ನು ಅವರು ಪದೇ ಪದೇ ಭಾನುವಾರ ರಾತ್ರಿಗೆ ಎಳೆದರೆ, ಆ ಕ್ಲಬ್ಬಷ್ಟೇ ಅಲ್ಲ, ಅದರೊಡನೆ ಆಡಿದ ತಂಡವೂ ಮುಂದಿನ ಸುತ್ತಿಗೆ ಕಡಿಮೆ ವಿಶ್ರಾಂತಿಯಲ್ಲಿ ಬರುತ್ತದೆ. ಆ ತಂಡ ಮುಂದೆ ಯಾರನ್ನು ಎದುರಿಸುತ್ತದೋ ಅವರಿಗೆ ಪುಕ್ಕಟೆ ಲಾಭ. ಹಾಗಾಗಿ ಪ್ರಸಾರದ ಒಪ್ಪಂದದಲ್ಲೇ ಎರಡು ಮಾತು ಬರೆಸಿ: ಒಂದು ಕ್ಲಬ್‌ನ ಪಂದ್ಯವನ್ನು ಒಂದು ಲೆಗ್‌ನಲ್ಲಿ ಎಷ್ಟು ಸಲ ಸರಿಸಬಹುದು ಎಂಬ ಮಿತಿ, ಮತ್ತು ಸರಿಸಿದರೂ ವಿಶ್ರಾಂತಿಯ ನಿಯಮ ಮುರಿಯುವಂತಿಲ್ಲ ಎಂಬುದು. ವೇಳಾಪಟ್ಟಿ ಪ್ರಕಟವಾದ ದಿನ ನ್ಯಾಯವಾಗಿದ್ದು ಟಿವಿ ಬದಲಾವಣೆಗಳ ನಂತರ ಕೆಡುವುದು ತೀರಾ ಸಾಮಾನ್ಯ. ಪ್ರತಿ ಬದಲಾವಣೆಯ ನಂತರ ಮೇಲಿನ ಲೆಕ್ಕ ಮತ್ತೆ ಓಡಿಸಿ.

ಎದುರಾಳಿಗಳ ಕ್ರಮ

ಮೇಲಿನ ಆರು ತಂಡಗಳ ಕೋಷ್ಟಕಕ್ಕೆ ಮತ್ತೆ ಬನ್ನಿ. ಘ ಲೀಗ್‌ನ ಬಲಾಢ್ಯ ತಂಡ ಎಂದುಕೊಳ್ಳಿ. ಗ, ಚ, ಖ ತಂಡಗಳು ಕ್ರಮವಾಗಿ 1, 2, 3ನೇ ಸುತ್ತಿನಲ್ಲಿ ಘ ಜೊತೆ ಸೆಣಸುತ್ತವೆ. ಮರುಸುತ್ತಿನಲ್ಲೇ ಮೂರೂ ಎದುರಾಗುವುದು ಕ ತಂಡಕ್ಕೆ. ಕ ತಂಡದ ಐದು ಪಂದ್ಯಗಳಲ್ಲಿ ಮೂರರಲ್ಲಿ, ಆಗತಾನೆ ಘ ಕೈಯಲ್ಲಿ ಪೆಟ್ಟು ತಿಂದ, ಬಹುಶಃ ಒಬ್ಬಿಬ್ಬರು ಅಮಾನತಾದ ಎದುರಾಳಿ. ಇದಕ್ಕೆ ಕ್ಯಾರಿ-ಓವರ್ ಪರಿಣಾಮ ಎನ್ನುತ್ತಾರೆ. ವೃತ್ತ ವಿಧಾನದ ದೊಡ್ಡ ದೌರ್ಬಲ್ಯವೇ ಇದು: ಎಲ್ಲರೂ ಒಂದೇ ದಿಕ್ಕಿಗೆ ತಿರುಗುವುದರಿಂದ ಒಂದು ತಂಡ ಇನ್ನೊಂದರ ಬೆನ್ನಿಗೆ ಋತುವಿಡೀ ಅಂಟಿಕೊಂಡಿರುತ್ತದೆ. 12 ತಂಡಗಳಲ್ಲಿ ಇದು ಒಂದು ಲೆಗ್‌ಗೆ 8–9 ಸಲ, 20 ತಂಡಗಳಲ್ಲಿ 16–17 ಸಲ.

ಆದರೆ ಇದನ್ನು ದೊಡ್ಡ ಭೂತವಾಗಿ ಕಾಣಬೇಕಿಲ್ಲ. ಡ್ರೈಸ್ ಗೋಸೆನ್ಸ್ ಮತ್ತು ಫ್ರಿಟ್ಸ್ ಸ್ಪೀಕ್ಸ್‌ಮಾ ಬೆಲ್ಜಿಯಂನ ಅಗ್ರ ಡಿವಿಷನ್‌ನ ದಶಕಗಳ ಫಲಿತಾಂಶಗಳನ್ನು ಜಾಲಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ತೀರ್ಮಾನ, ಫಲಿತಾಂಶದ ಮೇಲೆ ಇದರ ಪ್ರಭಾವ ಕಾಣುವುದಿಲ್ಲ ಎಂಬುದೇ. ಹಾಗಿದ್ದರೆ ತಲೆ ಕೆಡಿಸಿಕೊಳ್ಳುವುದೇಕೆ? ಕ್ಲಬ್‌ಗಳು ನಂಬುತ್ತವೆ, ಅದಕ್ಕೆ. ಅಲ್ಲದೆ ಸರಿಪಡಿಸಲು ಖರ್ಚೂ ಇಲ್ಲ. ಒಂದು ತಂಡ ಇನ್ನೊಂದರ ಬೆನ್ನಿಗೆ ಬರುವುದನ್ನು ಲೆಗ್‌ಗೆ 3–4 ಸಲಕ್ಕೆ ಮಿತಿಗೊಳಿಸಿ, ಮುಂದೆ ಹೋಗಿ. ಇದಕ್ಕಾಗಿ ವಿಶ್ರಾಂತಿಯ ನಿಯಮವನ್ನು ಬಲಿಕೊಡಬೇಡಿ.

ಬಲಿಷ್ಠ ಎದುರಾಳಿಗಳು ಒಟ್ಟಿಗೆ ಬರುವುದು ಇನ್ನೊಂದು ಮಾತು. ಕಳೆದ ಋತುವಿನ ಮೊದಲ ನಾಲ್ಕು ಸ್ಥಾನದ ಕ್ಲಬ್‌ಗಳನ್ನು ಒಂದು ಗುಂಪು ಮಾಡಿ, ಯಾರಿಗೂ ಅವರಲ್ಲಿ ಮೂವರು ಸಾಲಾಗಿ ಬಾರದಂತೆ ನೋಡಿ. ಮೊದಲ ನಾಲ್ಕು ಸುತ್ತಿನಲ್ಲಿ ಇಬ್ಬರಿಗಿಂತ ಹೆಚ್ಚು ಬೇಡ, ವಿಶೇಷವಾಗಿ ಬಡ್ತಿ ಪಡೆದು ಬಂದವರಿಗೆ. ಇದಕ್ಕಿಂತ ಸೂಕ್ಷ್ಮವಾಗಿ ಶ್ರೇಯಾಂಕ ಕೊಟ್ಟು ಸಮತೋಲನ ಮಾಡಲು ಹೋಗುವುದು ವ್ಯರ್ಥ. ಕಳೆದ ವರ್ಷದ ಎಂಟನೆಯವನು ಈ ವರ್ಷ ಎಲ್ಲಿರುತ್ತಾನೋ ಯಾರಿಗೆ ಗೊತ್ತು.

ಮೈದಾನ, ಪೊಲೀಸ್, ಬೇಡಿಕೆಗಳು

ಎಲ್ಲ ಕ್ಲಬ್‌ಗಳಿಂದ ಮೈದಾನ ಸಿಗದ ದಿನಗಳ ಪಟ್ಟಿ ಮೊದಲೇ ತರಿಸಿ. ಬಂದ ಮೇಲೆ ಕಂಪ್ಯೂಟರ್ ತೆರೆಯುವ ಮುಂಚೆ ಕಾಗದದ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಆ ಆರು–ಆರರ ಲೆಕ್ಕ: ಯಾವುದೇ ಸುತ್ತಿನಲ್ಲಿ ಏಳು ಕ್ಲಬ್‌ಗಳ ಮೈದಾನ ಸಿಗದಿದ್ದರೆ ಆ ಸುತ್ತು ಅಸಾಧ್ಯ, ದಿನಾಂಕವನ್ನೇ ಬದಲಿಸಬೇಕು. ಎರಡು, ಒಂದೇ ರೀತಿಯ ಬೇಡಿಕೆ ಇಟ್ಟವರು: ನಾಲ್ಕು ಕ್ಲಬ್‌ಗಳು ‘ಈ ಎಂಟು ಸುತ್ತುಗಳಲ್ಲಿ ನಾವು ಹೊರಗೆ’ ಎಂದರೆ, ಆ ಎಂಟರಲ್ಲಿ ಅವರು ಪರಸ್ಪರ ಆಡಲಾರರು. ಅವರೊಳಗಿನ ಆರು ಪಂದ್ಯಗಳು ಆ ಲೆಗ್‌ನ ಮಿಕ್ಕ ಮೂರು ಸುತ್ತುಗಳಲ್ಲಿ ಮುಗಿಯಬೇಕು, ಅಂದರೆ ಸುತ್ತಿಗೆ ಎರಡರಂತೆ, ಒಂದೂ ತಪ್ಪದೆ. ಅಂಕಿ ಕೂಡಿಬಂದರೂ ಬೇರೆ ನಿಯಮಗಳು ಅದನ್ನು ಬಿಡುವುದಿಲ್ಲ.

ಒಂದೇ ಮೈದಾನವನ್ನು ಇಬ್ಬರು ಹಂಚಿಕೊಂಡಿದ್ದರೆ, ಮಿಲಾನ್‌ನ ಸಾನ್ ಸಿರೋದಲ್ಲಿ ಇಂಟರ್ ಮತ್ತು ಎಸಿ ಮಿಲಾನ್ ಇರುವಂತೆ, ಅವರಿಗೆ ಪರಸ್ಪರ ವಿರುದ್ಧ ಸರದಿ ಕೊಡಿ: ಒಬ್ಬರು ತವರಿನಲ್ಲಿದ್ದಾಗ ಇನ್ನೊಬ್ಬರು ಹೊರಗೆ. ಪೊಲೀಸ್ ಬಂದೋಬಸ್ತಿನ ದೃಷ್ಟಿಯಿಂದ ಒಂದೇ ಊರಿನ ಕ್ಲಬ್‌ಗಳಿಗೂ ಇದೇ ಉಪಾಯ. ಡರ್ಬಿಗಳನ್ನು, ಅಂದರೆ ಒಂದೇ ಊರಿನ ಕ್ಲಬ್‌ಗಳ ನಡುವಿನ ಪಂದ್ಯಗಳನ್ನು, ಮೊದಲ ಸುತ್ತಿಗೂ ಕೊನೆಯ ಎರಡು ಸುತ್ತಿಗೂ ಹಾಕಬೇಡಿ, ಒಂದೇ ದಿನ ಎರಡು ಡರ್ಬಿ ಬೇಡ.

ವಿಶೇಷ ಬೇಡಿಕೆಗಳಿಗೆ ಮಿತಿ ಇರಲಿ: ಕ್ಲಬ್‌ಗೆ ಮೂರು, ಆದ್ಯತೆಯ ಕ್ರಮದಲ್ಲಿ. ಮಿತಿ ಇಲ್ಲದಿದ್ದರೆ ಬಲವಾದ ಆಡಳಿತವಿರುವ ಕ್ಲಬ್ ಇಪ್ಪತ್ತು ಬೇಡಿಕೆ ಕಳಿಸುತ್ತದೆ, ಸಣ್ಣ ಕ್ಲಬ್ ಒಂದನ್ನೂ ಕಳಿಸುವುದಿಲ್ಲ. ಆಮೇಲೆ ‘ಶೇಕಡಾವಾರು ಸಮಾನವಾಗಿ ಈಡೇರಿಸಿದ್ದೇವೆ’ ಎನ್ನುವ ಲೆಕ್ಕ ಹಾಸ್ಯಾಸ್ಪದ.

ಸಾಫ್ಟ್‌ವೇರ್

ಇಷ್ಟೆಲ್ಲ ನಿಯಮಗಳನ್ನು ಕೈಯಲ್ಲಿ ಹೊಂದಿಸುವುದು 8 ತಂಡಗಳವರೆಗೆ ಹೇಗೋ ಆದೀತು. 12ಕ್ಕೆ ಬೇಡ. ಆದರೆ ದುಬಾರಿ ತಂತ್ರಾಂಶವೇನೂ ಬೇಕಿಲ್ಲ. ಚಿಲಿಯ ಲೀಗ್ 2005ರಿಂದಲೇ ಪೂರ್ಣಾಂಕ ಪ್ರೋಗ್ರಾಮಿಂಗ್ ಎಂಬ ಗಣಿತ ವಿಧಾನದಿಂದ ವೇಳಾಪಟ್ಟಿ ಮಾಡಿಸಿಕೊಳ್ಳುತ್ತಿದೆ. ಈಗ ಅದೇ ಕೆಲಸಕ್ಕೆ ಗೂಗಲ್‌ನ ಓಆರ್-ಟೂಲ್ಸ್‌ನಲ್ಲಿರುವ ಸಿಪಿ-ಸ್ಯಾಟ್‌ನಂಥ ಉಚಿತ ಸಾಲ್ವರ್‌ಗಳಿವೆ, ಅಂದರೆ ನಿಯಮ ಕೊಟ್ಟರೆ ಪರಿಹಾರ ಹುಡುಕುವ ತಂತ್ರಾಂಶಗಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರೊಬ್ಬರು ಸಾಕು.

ಮಾದರಿ ಹೀಗೆ: ‘ಇಂಥ ತಂಡ ಇಂಥ ತಂಡವನ್ನು ಇಂಥ ಸುತ್ತಿನಲ್ಲಿ ತವರಿನಲ್ಲಿ ಎದುರಿಸುತ್ತದೆಯೇ’ ಎಂಬುದಕ್ಕೆ ಹೌದು–ಅಲ್ಲ ಎನ್ನುವ ಒಂದೊಂದು ಚರ. 12 × 11 × 22, ಒಟ್ಟು 2,904. ಪ್ರತಿ ಜೋಡಿಗೆ ಪ್ರತಿ ದಿಕ್ಕಿನಲ್ಲಿ ಒಂದೇ ಪಂದ್ಯ, ಪ್ರತಿ ತಂಡಕ್ಕೆ ಸುತ್ತಿಗೆ ಒಂದೇ ಪಂದ್ಯ: ಇವು ಬುನಾದಿ. ಮೇಲೆ ಹೇಳಿದವುಗಳಲ್ಲಿ ಮುರಿಯಲೇಬಾರದವು ಗಟ್ಟಿ ನಿಯಮಗಳಾಗಲಿ: ಮೂರರ ಸಾಲು, ಐದರ ನಿಯಮ, ಆರಂಭ–ಅಂತ್ಯ, ಮೈದಾನ, ಮರುಭೇಟಿಯ ಅಂತರ. ಉಳಿದವು, ಅಂದರೆ ಕ್ಲಬ್ ಬೇಡಿಕೆ, ಬಲಿಷ್ಠರ ಸಾಲು, ಕ್ಯಾರಿ-ಓವರ್, ಮುರಿದರೆ ದಂಡ ತೆರುವ ಮೆದು ನಿಯಮಗಳಾಗಲಿ. ದಂಡವನ್ನು ಕ್ಲಬ್‌ವಾರು ಕೂಡಿಸಿ. ಸಾಲ್ವರ್‌ಗೆ ಹೇಳಬೇಕಾದದ್ದು ‘ಒಟ್ಟು ದಂಡ ಕಡಿಮೆ ಮಾಡು’ ಎಂದಲ್ಲ, ‘ಅತಿ ಹೆಚ್ಚು ದಂಡ ಬಿದ್ದ ಕ್ಲಬ್‌ನ ದಂಡವನ್ನು ಕಡಿಮೆ ಮಾಡು, ಆಮೇಲೆ ಒಟ್ಟು’ ಎಂದು. ಈ ಒಂದು ಸಾಲಿನ ಬದಲಾವಣೆಯಿಂದ ವೇಳಾಪಟ್ಟಿಯ ಸ್ವಭಾವವೇ ಬದಲಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಸಾಲ್ವರ್ ತಿಣುಕಬಹುದು. ಆಗ ಹಂತಗಳಾಗಿ ಒಡೆಯಿರಿ: ಮೊದಲು ತವರು–ಹೊರಗೆಯ ಹನ್ನೆರಡು ಸರದಿಗಳನ್ನು ಮಾತ್ರ ಆರಿಸಿ, ಆಮೇಲೆ ಅವುಗಳೊಳಗೆ ಯಾರು ಯಾರ ಎದುರು ಎಂಬುದನ್ನು ತುಂಬಿ, ಕೊನೆಗೆ ದಿನ ಮತ್ತು ಗಂಟೆ. ‘ಪರಿಹಾರವಿಲ್ಲ’ ಎಂಬ ಉತ್ತರ ಬಂದರೆ ಗಾಬರಿ ಬೇಡ. ಗಟ್ಟಿ ನಿಯಮಗಳನ್ನು ಗುಂಪುಗುಂಪಾಗಿ ತೆಗೆದು ಓಡಿಸಿದರೆ ಜಗಳ ಎಲ್ಲಿದೆ ಎಂದು ತಿಳಿಯುತ್ತದೆ. ಮೈದಾನದ ದಿನಾಂಕಗಳನ್ನೇ ಮೊದಲು ಅನುಮಾನಿಸಿ.

ಚೀಟಿಯ ಜಾಗ ಇಲ್ಲಿದೆ. ಯಾರ ಪರವೂ ಇಲ್ಲದ ಒಂದು ಬೀಜಸಂಖ್ಯೆಯನ್ನು, ಅಂದರೆ ಸಾಲ್ವರ್‌ನ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಸಂಖ್ಯೆಯನ್ನು, ಎಲ್ಲರೆದುರು ಎತ್ತಿ ಅದನ್ನು ಸಾಲ್ವರ್‌ಗೆ ಕೊಡಿ. ಬೇರೆ ಬೇರೆ ಬೀಜಗಳಿಂದ ಹತ್ತಿಪ್ಪತ್ತು ಪಟ್ಟಿ ತೆಗೆಯಿರಿ. ಮೊದಲೇ ಮತ ಹಾಕಿ ಒಪ್ಪಿಕೊಂಡ ಅಳತೆಯಲ್ಲಿ ಗೆದ್ದದ್ದನ್ನು ಆರಿಸಿ. ಪಟ್ಟಿ ನೋಡಿದ ಮೇಲೆ ಅಳತೆ ಬದಲಿಸುವಂತಿಲ್ಲ.

ಕೊನೆಯ ಸುತ್ತು ಮತ್ತು ಮುಂದೂಡಿದ ಪಂದ್ಯಗಳು

ಕೊನೆಯ ಸುತ್ತಿನ ಆರೂ ಪಂದ್ಯಗಳು ಒಂದೇ ಗಂಟೆಗೆ ಶುರುವಾಗಬೇಕು. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಮುಗಿಸಿತ್ತು. ಜೂನ್ 25ರಂದು ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾ ವಿರುದ್ಧ 1–0ಯಿಂದ ಗೆದ್ದರೆ ಅಲ್ಜೀರಿಯಾ ಹೊರಬಿದ್ದು ತಾವಿಬ್ಬರೂ ಮುಂದೆ ಹೋಗುತ್ತೇವೆಂದು ಎರಡೂ ತಂಡಗಳಿಗೆ ಗೊತ್ತಿತ್ತು. ಹತ್ತನೇ ನಿಮಿಷದ ಗೋಲಿನ ನಂತರ ಆಟವೇ ನಡೆಯಲಿಲ್ಲ. ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ಪದ್ಧತಿ ಬಂದದ್ದು ಅದರಿಂದ. ಲೀಗ್‌ನಲ್ಲಿ ಕೊನೆಯದಕ್ಕೂ ಮುಂಚಿನ ಸುತ್ತಿನಲ್ಲಿಯೂ ಪ್ರಶಸ್ತಿಗೆ ಅಥವಾ ಹಿಂಬಡ್ತಿಗೆ ಸಂಬಂಧಿಸಿದ ಪಂದ್ಯಗಳನ್ನಾದರೂ ಒಟ್ಟಿಗೆ ಇಡಿ. ಟಿವಿಯವರು ಬೇಡವೆನ್ನುತ್ತಾರೆ, ಒಪ್ಪಬೇಡಿ.

ಋತುವಿನ ನಂತರ ಮೇಲಿನ–ಕೆಳಗಿನ ಆರು ತಂಡಗಳಾಗಿ ಒಡೆಯುವ ಯೋಚನೆ ಇದ್ದರೆ ಸ್ಕಾಟ್‌ಲೆಂಡನ್ನು ನೋಡಿ. ಅಲ್ಲಿ 12 ತಂಡಗಳು 33 ಸುತ್ತು ಆಡಿ, ಆಮೇಲೆ ಆರು–ಆರಾಗಿ ಒಡೆದು ಇನ್ನೂ ಐದು ಆಡುತ್ತವೆ. ಯಾರು ಮೇಲಿನ ಆರರಲ್ಲಿರುತ್ತಾರೆಂದು ಮೊದಲೇ ತಿಳಿಯದ ಕಾರಣ ತವರು–ಹೊರಗೆಯ ಲೆಕ್ಕ ಎಲ್ಲರಿಗೂ 19–19 ಆಗಿ ಕೂಡದೆ ಹೋಗುವುದುಂಟು. ಆ ಅಸಮತೆಯನ್ನು ಒಪ್ಪಿಕೊಳ್ಳುವ ಮನಸ್ಸಿದ್ದರೆ ಮಾತ್ರ ಆ ದಾರಿ.

ಮುಂದೂಡಿದ ಪಂದ್ಯಗಳಿಗೆ ನಿಯಮ ಈಗಲೇ ಬರೆಯಿರಿ, ಮಳೆ ಬಂದ ದಿನವಲ್ಲ. 22 ಸುತ್ತಿಗೆ ವಾರದ ನಡುವೆ ಮೂರ್ನಾಲ್ಕು ಮೀಸಲು ದಿನ ಇಟ್ಟುಕೊಳ್ಳಿ, ಫಿಫಾದ ಅಂತರರಾಷ್ಟ್ರೀಯ ದಿನಗಳನ್ನೂ ಕಪ್ ಟೂರ್ನಿಯ ಸೆಮಿಫೈನಲ್–ಫೈನಲ್ ದಿನಗಳನ್ನೂ ತಪ್ಪಿಸಿ. ಮುಂದೂಡಿದ್ದು ಎರಡೂ ಕ್ಲಬ್‌ಗೆ 72 ಗಂಟೆ ಸಿಗುವ ಮೊದಲ ಮೀಸಲು ದಿನಕ್ಕೇ ಹೋಗಲಿ, ಯಾರ ಇಷ್ಟವನ್ನೂ ಕೇಳಬೇಡಿ. ಯಾವ ಕ್ಲಬ್ಬೂ ಉಳಿದವರಿಗಿಂತ ಎರಡಕ್ಕಿಂತ ಹೆಚ್ಚು ಪಂದ್ಯ ಹಿಂದೆ ಉಳಿಯಬಾರದು. ಕೊನೆಯ ಮೂರು ಸುತ್ತು ಶುರುವಾಗುವ ಮುಂಚೆ ಬಾಕಿ ಎಲ್ಲ ಮುಗಿಯಬೇಕು. ಋತುವಿನ ನಡುವೆ ವರ್ಗಾವಣೆಯ ಅವಧಿ ಇದ್ದರೆ, ಅದಕ್ಕೂ ಮುಂಚಿನ ಪಂದ್ಯ ಅದರ ಆಚೆಗೆ ದಾಟದಂತೆ ಆದಷ್ಟೂ ನೋಡಿ. ದಾಟಿದರೆ ಎದುರಿಗೆ ಬರುವುದು ಬೇರೆಯದೇ ತಂಡ.

ಪ್ರಕಟಿಸುವಾಗ ಪಟ್ಟಿಯ ಜೊತೆಗೆ ಒಂದು ಪುಟದ ಲೆಕ್ಕಪತ್ರವೂ ಹೋಗಲಿ. ಹನ್ನೆರಡು ಸಾಲು, ಕ್ಲಬ್‌ಗೆ ಒಂದು: ಬ್ರೇಕ್‌ಗಳ ಸಂಖ್ಯೆ, ಮೊದಲ ಲೆಗ್‌ನ ತವರು ಪಂದ್ಯ, ವಿಶ್ರಾಂತಿಯ ಮೊತ್ತ, ಎರಡು ದಿನ ಕೊರತೆಯ ಪಂದ್ಯಗಳು, ವಾರದ ನಡುವಿನ ಹೊರಪಂದ್ಯಗಳು, ಈಡೇರಿದ ಬೇಡಿಕೆ, ಈಡೇರದ ಬೇಡಿಕೆ. ಪ್ರತಿ ಕಾಲಮ್ಮಿನಲ್ಲಿ ಕೆಟ್ಟ ಅಂಕಿಗೆ ಗುರುತು ಹಾಕಿ. ಒಂದೇ ಕ್ಲಬ್‌ನ ಸಾಲಿನಲ್ಲಿ ಮೂರು ಗುರುತು ಕಂಡರೆ ಪ್ರಕಟಿಸಬೇಡಿ, ಮತ್ತೆ ಓಡಿಸಿ. ಈ ಪುಟವನ್ನು ಕಾದಿರಿಸಿ: ಈ ವರ್ಷ ಸಾಲಿನಲ್ಲಿ ಹೆಚ್ಚು ಗುರುತು ಬಿದ್ದವರಿಗೆ ಬರುವ ವರ್ಷದ ಮಾದರಿಯಲ್ಲಿ ದಂಡದ ತೂಕ ಹೆಚ್ಚಿಸಿದರೆ, ಸಾಲ್ವರ್ ತಾನಾಗಿಯೇ ಅವರನ್ನು ಮೊದಲು ಕಾಯುತ್ತದೆ.